ಗದ್ದಲದಿಂದ ಗುನುಗಿಗೆ: 1970ರಲ್ಲಿ ಗ್ರೇಟ್‌ಫುಲ್ ಡೆಡ್ ದನಿ ಯಾಕೆ ಮೆತ್ತಗಾಯ್ತು?

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಹತ್ತಿರ ಇಯರ್‌ಫೋನ್ ಇದ್ರೆ ಹಾಕ್ಕೊಂಡುಬಿಡಿ. ಇವತ್ತಿನ ಮಾತೆಲ್ಲ ಕಿವಿಗೆ ಸಂಬಂಧಪಟ್ಟಿದ್ದು.

ಎರಡು ರೆಕಾರ್ಡಿಂಗ್‌ಗಳಿಂದ ಶುರು ಮಾಡೋಣ. ಮೊದಲನೆಯದು 1969ರ ಫೆಬ್ರವರಿ 27ರ ರಾತ್ರಿಯದ್ದು. ಜಾಗ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಫಿಲ್‌ಮೋರ್ ವೆಸ್ಟ್ ಸಭಾಂಗಣ. ಹಾಡಿನ ಹೆಸರು 'ಡಾರ್ಕ್ ಸ್ಟಾರ್'. ಹಾಡು ಅಂತ ಹೆಸರಿಗೆ ಹೇಳ್ತೀವಿ ಅಷ್ಟೇ, ಅದರಲ್ಲಿ ಸಾಹಿತ್ಯ ಇರೋದು ನಾಲ್ಕಾರು ಸಾಲು. ಉಳಿದ ಹೊತ್ತೆಲ್ಲ ಗಿಟಾರ್, ಬಾಸ್, ಆರ್ಗನ್, ಎರಡು ಡ್ರಮ್ ಸೆಟ್ ಸೇರಿಕೊಂಡು ಎಲ್ಲಿಗೆ ಹೋಗ್ತಿದ್ದೀವಿ ಅಂತ ಗೊತ್ತಿಲ್ಲದೆ ಹೊರಟ ಹಾಗಿರುತ್ತೆ. 23 ನಿಮಿಷ! ಇದೇ ಹಾಡನ್ನ ಇದೇ ತಂಡ 1968ರಲ್ಲಿ ಸಿಂಗಲ್ ಆಗಿ ಬಿಟ್ಟಾಗ ಅದು ಮೂರು ನಿಮಿಷಕ್ಕಿಂತ ಚಿಕ್ಕದಿತ್ತು.

ಎರಡನೆಯ ರೆಕಾರ್ಡಿಂಗ್ 1970ರ ಮೇ 2ರದ್ದು. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನ ಹಾರ್ಪರ್ ಕಾಲೇಜು. ಅದೇ ತಂಡ, ಆದ್ರೆ ವೇದಿಕೆ ಮೇಲೆ ಈಗ ಮರದ ಗಿಟಾರ್‌ಗಳು, ಕರೆಂಟ್ ಬೇಡದ ಗಿಟಾರ್‌ಗಳು. ಸಾವಿನ ಹಾಸಿಗೆಯಲ್ಲಿ ಮಲಗಿರೋ ಒಬ್ಬನ ಬಗ್ಗೆ ಒಂದು ಹಾಡು, ಪೊಲೀಸರಿಂದ ತಪ್ಪಿಸಿಕೊಂಡು ಓಡ್ತಿರೋ ಒಬ್ಬನ ಬಗ್ಗೆ ಇನ್ನೊಂದು. ಕೊನೆಯಲ್ಲಿ ಮೂರು ಜನ ಸೇರಿ ಹಾಡೋ 'ಅಂಕಲ್ ಜಾನ್ಸ್ ಬ್ಯಾಂಡ್'. ಅಜ್ಜಿ ಮನೆ ಜಗಲಿ ಮೇಲೆ ಕೂತು ಹಾಡಿದಷ್ಟು ಹತ್ತಿರ ಕೇಳಿಸುತ್ತೆ.

ಇವೆರಡರ ನಡುವೆ ಇರೋದು ಬರೀ 14 ತಿಂಗಳು. ಈ 14 ತಿಂಗಳಲ್ಲಿ ಏನಾಯ್ತು ಅನ್ನೋದೇ ಇವತ್ತಿನ ಕಥೆ.

ತಂಡದ ಪರಿಚಯ ಇಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಗ್ರೇಟ್‌ಫುಲ್ ಡೆಡ್ ಶುರುವಾಗಿದ್ದು 1965ರಲ್ಲಿ, ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿ. ಈಗ ಸಾಫ್ಟ್‌ವೇರ್ ಕಂಪನಿಗಳ ಸುದ್ದಿಯಲ್ಲಿ ಮತ್ತೆ ಮತ್ತೆ ಬರುತ್ತಲ್ಲ, ಅದೇ ಪಾಲೋ ಆಲ್ಟೊ. ಗಿಟಾರ್ ಮತ್ತು ಹಾಡು ಜೆರ್ರಿ ಗಾರ್ಸಿಯಾ. ಇನ್ನೊಂದು ಗಿಟಾರ್ ಬಾಬ್ ವಿಯರ್, ಆಗಿನ್ನೂ ಹದಿಹರೆಯದ ಹುಡುಗ. ಬಾಸ್ ಫಿಲ್ ಲೆಶ್. ಡ್ರಮ್ಸ್ ಬಿಲ್ ಕ್ರಾಯ್ಟ್ಸ್‌ಮನ್. ಆರ್ಗನ್, ಹಾರ್ಮೋನಿಕಾ ಮತ್ತು ಬ್ಲೂಸ್ ಹಾಡುಗಾರಿಕೆ ರಾನ್ ಮೆಕರ್ನನ್. ಇವರನ್ನ ಎಲ್ರೂ ಪಿಗ್‌ಪೆನ್ ಅಂತಲೇ ಕರೀತಿದ್ರು. 1967ರಲ್ಲಿ ಎರಡನೇ ಡ್ರಮ್ಮರ್ ಆಗಿ ಮಿಕಿ ಹಾರ್ಟ್ ಸೇರಿದ್ರು. ಹಾಡಿನ ಸಾಹಿತ್ಯ ಬಹುಪಾಲು ರಾಬರ್ಟ್ ಹಂಟರ್ ಅವರದ್ದು. ಅವರು ವೇದಿಕೆ ಹತ್ತುತ್ತಿರಲಿಲ್ಲ, ಆದ್ರೂ ಅವರನ್ನ ತಂಡದವರೇ ಅಂತ ಲೆಕ್ಕ ಹಿಡೀತಿದ್ರು.

'ಜಾಮ್ ಬ್ಯಾಂಡ್' ಅನ್ನೋ ಹೆಸರು ಚಾಲ್ತಿಗೆ ಬಂದಿದ್ದು ಎಷ್ಟೋ ವರ್ಷದ ಮೇಲೆ. ಆದ್ರೆ ಆ ಹೆಸರು ಹೇಳೋ ಕೆಲಸವನ್ನ ಇವರು ಆಗಲೇ ಮಾಡ್ತಾ ಇದ್ರು. ಅಂದ್ರೆ ಹಾಡನ್ನ ರೆಕಾರ್ಡಿನಲ್ಲಿ ಇದ್ದ ಹಾಗೆ ಒಪ್ಪಿಸೋದಲ್ಲ, ವೇದಿಕೆ ಮೇಲೆ ಬಿಚ್ಚಿ, ಹಿಗ್ಗಿಸಿ, ಪ್ರತಿ ರಾತ್ರಿ ಬೇರೆ ಥರ ಕಟ್ಟೋದು. ನಮ್ಮ ಕಛೇರಿ ಕೇಳೋರಿಗೆ ಮನೋಧರ್ಮ ಅನ್ನೋ ಮಾತು ಗೊತ್ತಿರುತ್ತೆ. ಒಂದು ವ್ಯತ್ಯಾಸ ಏನಂದ್ರೆ, ಕಛೇರಿಯಲ್ಲಿ ಮುಖ್ಯ ಕಲಾವಿದರು ಒಬ್ಬರಿರ್ತಾರೆ, ಉಳಿದವರು ಅವರನ್ನ ಅನುಸರಿಸ್ತಾರೆ. ಡೆಡ್‌ನಲ್ಲಿ ಆರೇಳು ಜನ ಒಂದೇ ಸಲಕ್ಕೆ ಮನೋಧರ್ಮ ಶುರು ಹಚ್ಚಿಕೊಳ್ತಿದ್ರು. ಚೆನ್ನಾಗಿ ಬಂದ ರಾತ್ರಿ ಅದು ಅದ್ಭುತ, ಬಾರದ ರಾತ್ರಿ ಸಂತೆ.

1969ರ ಆರಂಭದ ಡೆಡ್ ಕಛೇರಿ ಹೇಗಿತ್ತು ಗೊತ್ತಾ? ಒಂದು ಹಾಡಿನಿಂದ ಇನ್ನೊಂದಕ್ಕೆ ನಿಲ್ಲಿಸದೆ ಹೋಗೋರು. 'ಡಾರ್ಕ್ ಸ್ಟಾರ್', ಅದರ ಬೆನ್ನಿಗೆ 'ಸೇಂಟ್ ಸ್ಟೀಫನ್', ಅದರ ಬೆನ್ನಿಗೆ 'ದಿ ಇಲೆವೆನ್'. ಕೊನೆಯದರ ಹೆಸರೇ ಲೆಕ್ಕ, ಹನ್ನೊಂದು ಏಟಿನ ಆವರ್ತನೆ. ರಾಕ್ ಸಂಗೀತ ಸಾಮಾನ್ಯವಾಗಿ ನಾಲ್ಕರಲ್ಲೇ ಓಡಾಡುತ್ತೆ, ಇವರು ಹನ್ನೊಂದಕ್ಕೆ ಹೋಗಿದ್ರು. ಇಲ್ಲಿ ಭಾರತಕ್ಕೂ ಒಂದು ಕೊಂಡಿ ಇದೆ. ಮಿಕಿ ಹಾರ್ಟ್ ತಬಲಾ ಮಾಂತ್ರಿಕ ಅಲ್ಲಾ ರಖಾ ಅವರ ಹತ್ತಿರ ಕಲಿತವರು. ಅಲ್ಲಿಂದ ತಂದ ಲೆಕ್ಕಾಚಾರವನ್ನೇ ಇಬ್ಬರು ಡ್ರಮ್ಮರ್‌ಗಳು ಸೇರಿ ಅಭ್ಯಾಸ ಮಾಡ್ತಿದ್ರು. ಮುಂದೆ ಅಲ್ಲಾ ರಖಾ ಅವರ ಮಗ ಜಾಕಿರ್ ಹುಸೇನ್ ಜೊತೆ ಹಾರ್ಟ್ ದಶಕಗಟ್ಟಲೆ ನುಡಿಸಿದ್ರು, ಅದು ಇನ್ನೊಂದು ಎಪಿಸೋಡ್‌ಗೆ ಇರಲಿ.

ಇಷ್ಟು ದಟ್ಟವಾಗಿದ್ದ ಸದ್ದು ಯಾಕೆ ತೆಳುವಾಯ್ತು? ಸಾಮಾನ್ಯವಾಗಿ ಸಿಗೋ ಮೊದಲ ಉತ್ತರ: ದುಡ್ಡು.

ನಾನು ಓದಿದ್ದು ಬಿ.ಕಾಂ. ಯಾರ ಕಲೆಯ ಕಥೆ ಕೇಳಿದ್ರೂ ನನ್ನ ಕೈ ಮೊದಲು ಲೆಕ್ಕದ ಪುಸ್ತಕದ ಕಡೆಗೇ ಹೋಗುತ್ತೆ. ಹಾಗಾಗಿ ಈ ಉತ್ತರವನ್ನ ಸ್ವಲ್ಪ ತೂಗಿ ನೋಡೋಣ.

1969ರ ಜೂನ್‌ನಲ್ಲಿ ತಂಡದ ಮೂರನೇ ಆಲ್ಬಂ ಬಂತು. ಹೆಸರು 'ಆಕ್ಸೊಮಾಕ್ಸೋವಾ', ಹಿಂದಿನಿಂದ ಓದಿದ್ರೂ ಅದೇ. ಎಂಟು ಟ್ರ್ಯಾಕ್‌ನ ಯಂತ್ರದಲ್ಲಿ ರೆಕಾರ್ಡ್ ಮಾಡ್ತಾ ಇದ್ರು, ಅಷ್ಟರಲ್ಲಿ ಹದಿನಾರು ಟ್ರ್ಯಾಕ್‌ನ ಹೊಸ ಯಂತ್ರ ಬಂತು. ಸರಿ, ಮಾಡಿದ್ದನ್ನ ಬಿಟ್ಟು ಮೊದಲಿಂದ ಶುರು! ಸ್ಟುಡಿಯೋದಲ್ಲೇ ಕೂತು ಪ್ರಯೋಗದ ಮೇಲೆ ಪ್ರಯೋಗ. ಬಿಲ್ ಸುಮಾರು 1,80,000 ಡಾಲರ್ ಆಯ್ತು ಅಂತ ಲೆಕ್ಕ ಹೇಳ್ತಾರೆ. ಆ ಕಾಲಕ್ಕೆ ಅದು ತಲೆ ತಿರುಗೋ ಮೊತ್ತ. ಇಲ್ಲಿ ಒಂದು ವಿಷಯ ಗಮನಿಸಿ. ರೆಕಾರ್ಡ್ ಕಂಪನಿ ಸ್ಟುಡಿಯೋ ಖರ್ಚು ಕೊಡೋದು ಉಡುಗೊರೆ ಅಲ್ಲ, ಅದು ಮುಂಗಡ. ಆಮೇಲೆ ಕಲಾವಿದರಿಗೆ ಬರಬೇಕಾದ ರಾಯಲ್ಟಿಯಲ್ಲಿ ಮುರಿದುಕೊಳ್ತಾರೆ. ಅಂದ್ರೆ ರೆಕಾರ್ಡು ಮಾರಾಟ ಆಗ್ತಿದ್ರೂ ಸಾಲ ತೀರೋ ತನಕ ತಂಡದ ಜೇಬಿಗೆ ಬರೋದು ಸೊನ್ನೆ. 'ಆಕ್ಸೊಮಾಕ್ಸೋವಾ' ಬಿಲ್‌ಬೋರ್ಡ್ ಪಟ್ಟಿಯಲ್ಲಿ 73ಕ್ಕಿಂತ ಮೇಲೆ ಹತ್ತಲಿಲ್ಲ.

ಆ ವರ್ಷ ನವೆಂಬರ್‌ನಲ್ಲಿ ಬಂದಿದ್ದು 'ಲೈವ್/ಡೆಡ್'. ಆರಂಭದಲ್ಲಿ ಹೇಳಿದ 23 ನಿಮಿಷದ 'ಡಾರ್ಕ್ ಸ್ಟಾರ್' ಇರೋದು ಇದರಲ್ಲೇ. ಕಛೇರಿಗಳನ್ನೇ ರೆಕಾರ್ಡ್ ಮಾಡಿದ್ರಿಂದ ಸ್ಟುಡಿಯೋ ಬಾಡಿಗೆಯ ಮೀಟರ್ ಓಡಲಿಲ್ಲ. ನಂತರ 1970ರ ಜೂನ್‌ನಲ್ಲಿ 'ವರ್ಕಿಂಗ್‌ಮನ್ಸ್ ಡೆಡ್' ಬಂತು. ಎಂಟು ಚಿಕ್ಕ ಹಾಡುಗಳು. ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಸ್ಟುಡಿಯೋಗೆ ಹೋಗಿ, ಹೆಚ್ಚುಕಮ್ಮಿ ಹತ್ತು ದಿನದಲ್ಲಿ ಮುಗಿಸಿದ್ರು. ಪಟ್ಟಿಯಲ್ಲಿ 27ನೇ ಸ್ಥಾನಕ್ಕೆ ಹೋಯ್ತು. ಅದೇ ವರ್ಷ ನವೆಂಬರ್‌ಗೆ ಇನ್ನೊಂದು, 'ಅಮೆರಿಕನ್ ಬ್ಯೂಟಿ'. ಅದು 30ನೇ ಸ್ಥಾನ.

ಲೆಕ್ಕದ ಪುಸ್ತಕ ನೋಡಿದ್ರೆ ಕಥೆ ಇಲ್ಲಿಗೇ ಮುಗೀತು ಅನ್ನಿಸುತ್ತೆ. ಸಾಲ ಆಯ್ತು, ಖರ್ಚು ಕಮ್ಮಿ ಮಾಡಿದ್ರು, ಜನಕ್ಕೆ ಹಿಡಿಸೋ ಹಾಡು ಕೊಟ್ರು. ಆದ್ರೆ ತಾರೀಖು ಹಿಡಿದು ನೋಡಿ, ಲೆಕ್ಕ ತಾಳೆ ಆಗಲ್ಲ.

'ವರ್ಕಿಂಗ್‌ಮನ್ಸ್ ಡೆಡ್'ನಲ್ಲಿರೋ 'ಡೈರ್ ವುಲ್ಫ್', 'ಹೈ ಟೈಮ್', 'ಕೇಸಿ ಜೋನ್ಸ್' ಈ ಮೂರೂ ವೇದಿಕೆ ಮೇಲೆ ಬಂದಿದ್ದು 1969ರ ಜೂನ್‌ನಲ್ಲೇ. ಅಂದ್ರೆ ಆ ದುಬಾರಿ ಆಲ್ಬಂ ಅಂಗಡಿಗೆ ಬಂದ ತಿಂಗಳಲ್ಲೇ! ಅದು ಓಡುತ್ತೋ ಇಲ್ವೋ ಅಂತ ಗೊತ್ತಾಗೋ ಮುಂಚೆ, ಈ ಹಾಡುಗಳು ಸ್ಟುಡಿಯೋ ನೋಡೋದಕ್ಕೆ ಎಂಟು ತಿಂಗಳು ಮುಂಚೆ, ತಂಡ ಕಛೇರಿಗಳಲ್ಲಿ ಮೆಲುದನಿಗೆ ಹೊರಳೋಕೆ ಶುರು ಮಾಡಿತ್ತು. ದುಡ್ಡಿನ ಕಾರಣ ಸುಳ್ಳಲ್ಲ. ರೆಕಾರ್ಡ್ ಯಾಕೆ ಬೇಗ, ಅಗ್ಗವಾಗಿ ಮುಗೀತು ಅನ್ನೋದನ್ನ ಅದು ವಿವರಿಸುತ್ತೆ. ವೇದಿಕೆಯ ಸದ್ದು ಯಾಕೆ ಬದಲಾಯ್ತು ಅನ್ನೋದಕ್ಕೆ ಅದು ಸಾಲಲ್ಲ.

ಹಾಗಾದ್ರೆ ಏನು? ಇದಕ್ಕೆ ಗಾರ್ಸಿಯಾ ಅವರ ಹಳೇ ದಿನಗಳಿಗೆ ಹೋಗಬೇಕು.

ಡೆಡ್ ಶುರುವಾಗೋ ಮುಂಚೆ ಗಾರ್ಸಿಯಾ ಮುಖ್ಯವಾಗಿ ನುಡಿಸ್ತಾ ಇದ್ದಿದ್ದು ಬ್ಯಾಂಜೊ. ಬ್ಲೂಗ್ರಾಸ್ ಅಂತ ಅಮೆರಿಕದ ಗುಡ್ಡಗಾಡಿನ ತಂತಿ ಸಂಗೀತ, ಅದರ ಹುಚ್ಚು ಅವರಿಗೆ. 1964ರಲ್ಲಿ ಗಾರ್ಸಿಯಾ, ವಿಯರ್, ಪಿಗ್‌ಪೆನ್ ಮೂವರೂ ಒಂದು ಜಗ್ ಬ್ಯಾಂಡ್‌ನಲ್ಲಿ ಇದ್ರು. ಜಗ್ ಬ್ಯಾಂಡ್ ಅಂದ್ರೆ ಮನೆಯ ಹೂಜಿ, ಬಟ್ಟೆ ಒಗೆಯೋ ಹಲಗೆ ಇಂಥದ್ದನ್ನೆಲ್ಲ ವಾದ್ಯ ಮಾಡಿಕೊಂಡು ನುಡಿಸೋದು. ಅಂದ್ರೆ ಈ ಮೂವರ ಬೇರು ಇದ್ದಿದ್ದೇ ಕರೆಂಟ್ ಇಲ್ಲದ ಹಾಡಿನಲ್ಲಿ. 1969ರ ವಸಂತದ ಹೊತ್ತಿಗೆ ಗಾರ್ಸಿಯಾ ಪೆಡಲ್ ಸ್ಟೀಲ್ ಅನ್ನೋ ವಾದ್ಯ ಕಲಿಯೋಕೆ ಕೂತ್ರು. ಮೇಜಿನ ಹಾಗೆ ಮುಂದೆ ಇಟ್ಟುಕೊಂಡು, ಲೋಹದ ತುಂಡನ್ನ ತಂತಿ ಮೇಲೆ ಜಾರಿಸ್ತಾ, ಕಾಲಲ್ಲಿ ಪೆಡಲ್ ಒತ್ತಿ ಸ್ವರ ಬಗ್ಗಿಸೋ ವಾದ್ಯ ಅದು. ನಮ್ಮ ಹಳೇ ಆರ್ಕೆಸ್ಟ್ರಾಗಳ ಹವಾಯಿಯನ್ ಗಿಟಾರ್ ಕೇಳಿದ್ದರೆ ಅದರ ದೊಡ್ಡಪ್ಪನ ಮಗ ಅಂದ್ಕೊಳ್ಳಿ. ಈ ವಾದ್ಯ ಜೋರು ಮಾಡಿದ್ರೆ ಕೆಡುತ್ತೆ, ನಿಧಾನಕ್ಕೆ ಎಳೆದ್ರೆ ಅಳುತ್ತೆ. 1970ರಲ್ಲಿ ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಆಂಡ್ ಯಂಗ್ ತಂಡದ 'ಟೀಚ್ ಯುವರ್ ಚಿಲ್ಡ್ರನ್' ಹಾಡು ಬಂತಲ್ಲ, ಅದರಲ್ಲಿ ಹಿಂದೆ ಕೇಳಿಸೋ ಪೆಡಲ್ ಸ್ಟೀಲ್ ಗಾರ್ಸಿಯಾ ಅವರದ್ದೇ.

ಕ್ರಾಸ್ಬಿ ಮತ್ತು ಸ್ಟಿಲ್ಸ್ ಆ ದಿನಗಳಲ್ಲಿ ಡೆಡ್ ಬಳಗದ ಸ್ನೇಹಿತರು. ಮೂರು ದನಿ ಸೇರಿ ಒಂದೇ ದನಿ ಆಗೋದನ್ನ ಅವರು ಹತ್ತಿರದಿಂದ ತೋರಿಸಿದ್ರು. ಇಲ್ಲೇ ನನ್ನ ಪ್ರಕಾರ ಇಡೀ ಕಥೆಯ ಕೀಲಿ ಇರೋದು.

ಯೋಚಿಸಿ. ಮೂರು ಜನ ಹೊಂದಿಸಿಕೊಂಡು ಹಾಡಬೇಕು ಅಂದ್ರೆ ಮೊದಲು ಏನು ಬೇಕು? ಪಕ್ಕದವರ ದನಿ ಕೇಳಿಸಬೇಕು. ನಮ್ಮದೇ ದನಿಯೂ ನಮಗೆ ಕೇಳಿಸಬೇಕು. ಈಗ ಹಾಡುಗಾರರು ಕಿವಿಯೊಳಗೆ ಚಿಕ್ಕ ಮಾನಿಟರ್ ಸಿಕ್ಕಿಸಿಕೊಳ್ತಾರೆ. 1969ರಲ್ಲಿ ಅದೆಲ್ಲಿತ್ತು? ಹಿಂದೆ ಎರಡು ಡ್ರಮ್ ಸೆಟ್, ಪಕ್ಕದಲ್ಲಿ ಆಳೆತ್ತರದ ಆಂಪ್ಲಿಫೈಯರ್‌ಗಳು. ಆ ಗದ್ದಲದಲ್ಲಿ ಕಿರುಚಬಹುದು, ಹೊಂದಿಸಿಕೊಂಡು ಹಾಡೋಕಾಗಲ್ಲ. ಹಾಗಾಗಿ ಹಾಡಬೇಕು ಅಂದ್ರೆ ವಾದ್ಯ ತಗ್ಗಬೇಕು, ಡ್ರಮ್ಮರ್ ಕಡ್ಡಿ ಹಗುರಾಗಬೇಕು, ಬಾಸ್ ಜಾಗ ಬಿಡಬೇಕು. ಒಬ್ಬರು ತಗ್ಗಿದ್ರೆ ಆಗಲ್ಲ, ಎಲ್ರೂ ಒಟ್ಟಿಗೆ ತಗ್ಗಬೇಕು. ಮೆಲುದನಿ ಅನ್ನೋದು ವಾಲ್ಯೂಮ್ ಬಟನ್ ತಿರುಗಿಸಿದ್ರೆ ಬರೋದಲ್ಲ, ಇಡೀ ತಂಡ ಇನ್ನೊಬ್ಬರಿಗೆ ಕಿವಿ ಕೊಡೋಕೆ ಒಪ್ಪಿಕೊಂಡಾಗ ಬರೋದು.

ಇನ್ನೊಂದು ಅಪಾಯವೂ ಇತ್ತು. ಗದ್ದಲದಲ್ಲಿ ತಪ್ಪು ಮುಚ್ಚಿಹೋಗುತ್ತೆ. 20 ನಿಮಿಷದ ಜಾಮ್‌ನಲ್ಲಿ ಒಂದು ಸ್ವರ ಜಾರಿದ್ರೆ ಅದನ್ನೇ ದಾರಿ ಮಾಡಿಕೊಂಡು ಹೋಗಬಹುದು. ಎರಡು ಮರದ ಗಿಟಾರ್ ಇಟ್ಟುಕೊಂಡು ಹಾಡುವಾಗ ದನಿ ಕಾಲು ಶ್ರುತಿ ತಪ್ಪಿದ್ರೂ ಕೊನೇ ಸಾಲಲ್ಲಿ ಕೂತವರಿಗೆ ಗೊತ್ತಾಗುತ್ತೆ. ಇವರೇನು ಮಹಾ ಹಾಡುಗಾರರಲ್ಲ. 1970ರ ಟೇಪ್‌ಗಳಲ್ಲಿ ಶ್ರುತಿ ತಪ್ಪಿದ ಜಾಗ ಬೇಕಾದಷ್ಟು ಸಿಗುತ್ತೆ. ಕುಣಿಯೋಕೆ ಅಂತ ಬಂದ ಹುಡುಗರು ಮಧ್ಯೆ ಶಿಳ್ಳೆ ಹಾಕೋದೂ, ಬೇರೆ ಹಾಡು ಬೇಕು ಅಂತ ಕೂಗೋದೂ ಕೇಳಿಸುತ್ತೆ. ಆದ್ರೂ ಇವರು ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಅನ್ನೋದಕ್ಕೆ ಆ ಒಂದು ವರ್ಷ ಅವರ ಬದುಕಲ್ಲಿ ಏನೇನಾಯ್ತು ನೋಡಬೇಕು.

1969ರ ಡಿಸೆಂಬರ್ 6. ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ರೇಸ್ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಉಚಿತ ಕಛೇರಿ. ವೇದಿಕೆ ಕಾವಲಿಗೆ ಹೆಲ್ಸ್ ಏಂಜಲ್ಸ್ ಅನ್ನೋ ಬೈಕ್ ಗ್ಯಾಂಗ್. ಹೊಡೆದಾಟ ಆಯ್ತು. ಮೆರೆಡಿತ್ ಹಂಟರ್ ಅನ್ನೋ 18 ವರ್ಷದ ಕಪ್ಪು ಹುಡುಗ ವೇದಿಕೆ ಎದುರೇ ಇರಿತಕ್ಕೆ ಬಲಿಯಾದ. ಡೆಡ್ ಕೂಡ ಅವತ್ತು ನುಡಿಸಬೇಕಿತ್ತು, ಪರಿಸ್ಥಿತಿ ನೋಡಿ ನುಡಿಸದೆ ವಾಪಸ್ ಹೋದ್ರು. ಪ್ರೀತಿ, ಶಾಂತಿ ಅಂತ ಹೂವು ಮುಡಿದುಕೊಂಡಿದ್ದ ಒಂದು ಪೀಳಿಗೆಗೆ ಅದು ಕಪಾಳಕ್ಕೆ ಬಿದ್ದ ಏಟು. 'ನ್ಯೂ ಸ್ಪೀಡ್‌ವೇ ಬೂಗಿ' ಅನ್ನೋ ಹಾಡು ಹುಟ್ಟಿದ್ದು ಇದರಿಂದಲೇ.

1970ರ ಜನವರಿ 31. ನ್ಯೂ ಆರ್ಲಿಯನ್ಸ್‌ನ ಹೋಟೆಲ್‌ನಲ್ಲಿ ಮಾದಕವಸ್ತು ಪ್ರಕರಣದಲ್ಲಿ ತಂಡದವರೂ ಸೇರಿ 19 ಜನರ ಬಂಧನ.

1970ರ ಮಾರ್ಚ್. ತಂಡದ ದುಡ್ಡು ನೋಡಿಕೊಳ್ತಿದ್ದ ಮ್ಯಾನೇಜರ್ ಲೆನ್ನಿ ಹಾರ್ಟ್ ಸುಮಾರು ಒಂದೂವರೆ ಲಕ್ಷ ಡಾಲರ್ ಜೊತೆ ನಾಪತ್ತೆ. ಇವರು ಬೇರೆ ಯಾರೂ ಅಲ್ಲ, ಡ್ರಮ್ಮರ್ ಮಿಕಿ ಹಾರ್ಟ್ ಅವರ ಸ್ವಂತ ಅಪ್ಪ. ಆಮೇಲೆ ಸಿಕ್ಕಿಬಿದ್ದು ಜೈಲಿಗೂ ಹೋದ್ರು. ತಂಡದವರು ಮಗನನ್ನ ದೂರಲಿಲ್ಲ, ಆದ್ರೆ ಮಗನಿಗೆ ಆ ನಾಚಿಕೆ ತಡೆಯೋಕಾಗಲಿಲ್ಲ. 1971ರ ಫೆಬ್ರವರಿಯಲ್ಲಿ ತಂಡ ಬಿಟ್ರು.

ಅದೇ 1970ರಲ್ಲಿ ಫಿಲ್ ಲೆಶ್ ಅವರ ತಂದೆಗೆ ಕ್ಯಾನ್ಸರ್, ಬದುಕೋ ಭರವಸೆ ಇರಲಿಲ್ಲ. ಲೆಶ್ ಒಂದು ರಾಗ ಕಟ್ಟಿ, ಅಪ್ಪನ ಎದುರು ಹಾಡೋಕೆ ಮಾತು ಬೇಕು ಅಂತ ಹಂಟರ್‌ಗೆ ಕೊಟ್ರು. ಆ ಹಾಡೇ 'ಬಾಕ್ಸ್ ಆಫ್ ರೈನ್', 'ಅಮೆರಿಕನ್ ಬ್ಯೂಟಿ'ಯ ಮೊದಲ ಹಾಡು. ಇನ್ನೊಂದು ಸಂಗತಿ ಸೇರಿಸಬೇಕು. ಲೆಶ್ ಹಳ್ಳಿ ಹಾಡಿನ ಹಿನ್ನೆಲೆಯವರಲ್ಲ, ಲುಚಾನೊ ಬೆರಿಯೊ ಅನ್ನೋ ಇಟಲಿಯ ಆಧುನಿಕ ಸಂಯೋಜಕರ ಹತ್ತಿರ ಪಾಠ ಕೇಳಿದವರು. ತಂಡದಲ್ಲಿ ಅತಿ ಕಠಿಣ, ಅತಿ ವಿಚಿತ್ರ ಸದ್ದಿನ ಕಡೆ ಒಲವಿದ್ದವರು ಇವರೇ. ಅಂಥವರು ಸಾಯ್ತಿರೋ ಅಪ್ಪನಿಗೋಸ್ಕರ ಕಟ್ಟಿದ್ದು ನೇರವಾದ, ಯಾರು ಬೇಕಾದ್ರೂ ಗುನುಗಬಹುದಾದ ಹಾಡು.

ಆ ಆಲ್ಬಂ ಕೆಲಸ ನಡೀತಿದ್ದ ದಿನಗಳಲ್ಲೇ ಗಾರ್ಸಿಯಾ ಅವರ ತಾಯಿಗೆ ಕಾರು ಅಪಘಾತ ಆಯ್ತು. 1970ರ ಸೆಪ್ಟೆಂಬರ್ ಕೊನೆಯಲ್ಲಿ ಅವರು ತೀರಿಕೊಂಡ್ರು. ಆಸ್ಪತ್ರೆ ಒಂದು ಕಡೆ, ಸ್ಟುಡಿಯೋ ಇನ್ನೊಂದು ಕಡೆ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ದುಃಖ ಬಂತು ಹಾಗಾಗಿ ಸಂಗೀತ ಮೆತ್ತಗಾಯ್ತು ಅಂತ ಗೆರೆ ಎಳೆಯೋಕಲ್ಲ. ಆಗಲೇ ನೋಡಿದ್ವಲ್ಲ, ಹೊರಳು ಶುರುವಾಗಿದ್ದು ಇದಕ್ಕೆಲ್ಲ ಮುಂಚೆ. ಆದ್ರೆ ಹೊಡೆತ ಬಿದ್ದಾಗ ಆ ಹೊಸ ದನಿ ಅವರ ಕೈಲಿತ್ತು. ಸಾವು, ಮೋಸ, ನಾಚಿಕೆ ಇಂಥ ಮಾತು ಹೇಳೋಕೆ 20 ನಿಮಿಷದ ಗಿಟಾರ್ ಬಿರುಗಾಳಿಗಿಂತ ಮೂರು ದನಿಯ ಒಂದು ಹಾಡು ಹತ್ತಿರ ಬರುತ್ತೆ. ನಮ್ಮೂರುಗಳಲ್ಲೂ ನೋಡಿ, ಸಾವಿನ ಮನೆಯಲ್ಲಿ ರಾತ್ರಿಯಿಡೀ ಭಜನೆ ಮಾಡ್ತಾರೆ. ಅಲ್ಲಿ ಯಾರೂ ಪ್ರತಿಭೆ ತೋರಿಸಲ್ಲ, ಒಬ್ಬರ ದನಿಗೆ ಇನ್ನೊಬ್ಬರು ದನಿ ಸೇರಿಸ್ತಾರೆ ಅಷ್ಟೇ.

ಈಗ ಮತ್ತೆ ವೇದಿಕೆಗೆ ಬರೋಣ. 1970ರಲ್ಲಿ ತಂಡ ಕಛೇರಿಯ ರಚನೆಯನ್ನೇ ಬದಲಾಯಿಸಿತು. ಮೊದಲು ಮರದ ಗಿಟಾರ್‌ಗಳ ಒಂದು ಭಾಗ. ಆಮೇಲೆ 'ನ್ಯೂ ರೈಡರ್ಸ್ ಆಫ್ ದಿ ಪರ್ಪಲ್ ಸೇಜ್' ಅನ್ನೋ ಕಂಟ್ರಿ ತಂಡ, ಅದರಲ್ಲಿ ಗಾರ್ಸಿಯಾ ಪೆಡಲ್ ಸ್ಟೀಲ್ ನುಡಿಸೋರು. ಕೊನೆಗೆ ಡೆಡ್‌ನ ಕರೆಂಟ್ ಭಾಗ. ಒಟ್ಟು ಐದಾರು ಗಂಟೆ, ಹೆಚ್ಚುಕಮ್ಮಿ ಯಕ್ಷಗಾನದ ಲೆಕ್ಕ! ಹಾರ್ಪರ್ ಕಾಲೇಜಿನ ಆ ರಾತ್ರಿ ಹೀಗೇ ಇತ್ತು. ಅದರ ರೆಕಾರ್ಡಿಂಗ್ ಅಧಿಕೃತವಾಗಿ 1997ರಲ್ಲಿ 'ಡಿಕ್ಸ್ ಪಿಕ್ಸ್' ಸರಣಿಯ 8ನೇ ಸಂಪುಟವಾಗಿ ಬಂತು. ಮೆಲುದನಿಯಿಂದ ಶುರು ಮಾಡಿದ್ರಿಂದ ಏನಾಯ್ತು ಅಂದ್ರೆ, ಕೇಳುಗರ ಕಿವಿ ಮೊದಲು ಚಿಕ್ಕ ಸದ್ದಿಗೆ ಹೊಂದಿಕೊಳ್ತು. ಆಮೇಲೆ ಬರೋ 'ವಯೋಲಾ ಲೀ ಬ್ಲೂಸ್' ಸ್ಫೋಟ ಎರಡು ಪಟ್ಟು ಜೋರಾಗಿ ತಟ್ಟುತ್ತೆ. ಕೊನೆಗೆ ವಾದ್ಯ ಎಲ್ಲ ಬಿಟ್ಟು ಬರೀ ದನಿಯಲ್ಲಿ ಒಂದು ವಿದಾಯದ ಹಾಡು ಹಾಡಿ ಹೊರಟುಬಿಡ್ತಾರೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿವರ ಇದೆ. 'ಅಂಕಲ್ ಜಾನ್ಸ್ ಬ್ಯಾಂಡ್' ಈ ಮೆಲುದನಿ ಕಾಲದ ಮುಖ್ಯ ಹಾಡು ಅಲ್ವಾ? 1969ರ ನವೆಂಬರ್ 8ರ ಕಛೇರಿ ಕೇಳಿ. ಸಾಹಿತ್ಯ ಸೇರಿಸಿ ಹಾಡೋಕೆ ಇನ್ನೂ ಕೆಲವು ವಾರ ಇದೆ. 'ಡಾರ್ಕ್ ಸ್ಟಾರ್' ಜಾಮ್ ನಡೀತಾ ಇದೆ, ಎಲ್ಲ ಅಸ್ತವ್ಯಸ್ತ, ಅದರ ಮಧ್ಯದಿಂದ ಮೆಲ್ಲಗೆ ಆ ಹಾಡಿನ ರಾಗ ತಲೆ ಎತ್ತುತ್ತೆ. ಬರೀ ವಾದ್ಯದಲ್ಲಿ. ಸ್ವಲ್ಪ ಹೊತ್ತು ಇದ್ದು ಮತ್ತೆ 'ಡಾರ್ಕ್ ಸ್ಟಾರ್'ನೊಳಗೆ ಮುಳುಗಿ ಹೋಗುತ್ತೆ. ಹಳೇ ಡೆಡ್ ಬೇರೆ, ಹೊಸ ಡೆಡ್ ಬೇರೆ ಅಂತ ವಾದ ಮಾಡೋ ಅಭಿಮಾನಿಗಳಿದ್ದಾರೆ. ಆ ಟೇಪ್ ಕೇಳಿದ್ರೆ ಆ ವಾದ ನಿಲ್ಲಲ್ಲ. ಚಿಕ್ಕ ಹಾಡು ಹೊರಗಿನಿಂದ ಬಂದು ದೊಡ್ಡ ಜಾಮ್‌ನ ಓಡಿಸಲಿಲ್ಲ, ಜಾಮ್‌ನ ಹೊಟ್ಟೆಯಲ್ಲೇ ಬೆಳೀತಾ ಇತ್ತು.

ಸಾಲ ಪೂರೈಸಿದ್ವಿ, ಹೆಸರೂ ಆಯ್ತು, ಈಗ ಚಿಕ್ಕ ಹಾಡಲ್ಲೇ ಕಾಲ ಕಳೆಯೋಣ ಅಂತ ಇವರು ಕೂರಲಿಲ್ಲ. ಮಿಕಿ ಹಾರ್ಟ್ ಹೋದ ಮೇಲೆ ಉಳಿದಿದ್ದು ಒಂದೇ ಡ್ರಮ್ ಸೆಟ್. ಕ್ರಾಯ್ಟ್ಸ್‌ಮನ್ ಒಬ್ಬರೇ ಆದಾಗ ತಾಳ ಹಗುರಾಯ್ತು, ಜಾಝ್ ಕಡೆಗೆ ವಾಲಿತು. 1971ರ ಅಕ್ಟೋಬರ್‌ನಲ್ಲಿ ಕೀತ್ ಗಾಡ್‌ಶೋ ಪಿಯಾನೊಗೆ ಬಂದ್ರು, ಆರ್ಗನ್‌ನ ದಟ್ಟ ಹೊಗೆಯ ಜಾಗದಲ್ಲಿ ಪಿಯಾನೊದ ಬಿಡಿಬಿಡಿ ಹನಿ. ಗಾರ್ಸಿಯಾ ಕೈಯಲ್ಲಿದ್ದ ಗಿಟಾರೂ ಬದಲಾಯ್ತು. 1969ರಲ್ಲಿ ಗಿಬ್ಸನ್ ಎಸ್‌ಜಿ, ಅದರ ದನಿ ದಪ್ಪ, ಉರುಟು. ಆಮೇಲೆ ಗ್ರಹಾಂ ನ್ಯಾಶ್ ಉಡುಗೊರೆ ಕೊಟ್ಟ ಫೆಂಡರ್ ಸ್ಟ್ರಾಟೊಕ್ಯಾಸ್ಟರ್, ಅದರ ದನಿ ತೆಳು, ಗಂಟೆ ಹಾಗೆ ಸ್ಪಷ್ಟ. ಇಷ್ಟೆಲ್ಲ ಬದಲಾದ ಮೇಲೆ 1972ರ ಆಗಸ್ಟ್ 27ರಂದು ಒರೆಗಾನ್ ರಾಜ್ಯದ ವೆನೀಟಾದಲ್ಲಿ, ಒಂದು ಡೈರಿಯ ಸಹಾಯಾರ್ಥ ಸುಡುಬಿಸಿಲಲ್ಲಿ ನುಡಿಸಿದ 'ಡಾರ್ಕ್ ಸ್ಟಾರ್' ಕೇಳಿ. ಅರ್ಧ ಗಂಟೆಗೂ ಜಾಸ್ತಿ ಇದೆ, 1969ರದ್ದಕ್ಕಿಂತ ಉದ್ದ! ಆದ್ರೆ ಪ್ರತಿ ವಾದ್ಯದ ಸುತ್ತ ಗಾಳಿ ಆಡ್ತಿರುತ್ತೆ. ಒಬ್ಬರು ಮಾತಾಡಿದ್ರೆ ಇನ್ನೊಬ್ಬರು ಕಾಯ್ತಾರೆ. ಚಿಕ್ಕ ಹಾಡುಗಳಲ್ಲಿ ಕಲಿತ ಕಿವಿಯನ್ನ ದೊಡ್ಡ ಜಾಮ್‌ಗೆ ವಾಪಸ್ ತಂದಿದ್ರು.

ಹಾಗಂತ ಎಲ್ಲ ಲಾಭವೇ ಅಂತ ನಾನು ಹೇಳಲ್ಲ, ಲೆಕ್ಕಪತ್ರದಲ್ಲಿ ನಷ್ಟದ ಕಡೆಯೂ ಇರುತ್ತೆ. ಈ ಬದಲಾವಣೆಯಲ್ಲಿ ಮೂಲೆಗೆ ಸರಿದಿದ್ದು ಪಿಗ್‌ಪೆನ್. ಅರ್ಧ ಗಂಟೆ ಬ್ಲೂಸ್ ಹಾಡ್ತಾ, ಜನರನ್ನ ಕೆಣಕ್ತಾ ಇಡೀ ಸಭಾಂಗಣ ಕುಣಿಸೋ ಮನುಷ್ಯನಿಗೆ ಮೂರು ದನಿಯ ನಾಜೂಕಿನಲ್ಲಿ ಜಾಗ ಕಮ್ಮಿ. ಕುಡಿತದಿಂದ ಆರೋಗ್ಯವೂ ಕೆಟ್ಟಿತ್ತು. 1973ರ ಮಾರ್ಚ್‌ನಲ್ಲಿ, 27ನೇ ವಯಸ್ಸಿಗೇ ಅವರು ಹೋಗಿಬಿಟ್ರು. 1969ರ ಆ ಎರಡು ಡ್ರಮ್ಮಿನ ಹುಚ್ಚು ಓಟ, ಈಗ ಬಿದ್ದುಹೋಗುತ್ತೇನೋ ಅನ್ನೋ ಭಯ ಹುಟ್ಟಿಸೋ ಓಟ, ಅದು ಅದೇ ರೂಪದಲ್ಲಿ ಮತ್ತೆ ಬರಲಿಲ್ಲ. ಅದು ಬೇಕು ಅನ್ನೋ ಅಭಿಮಾನಿಗಳ ಮಾತಿನಲ್ಲೂ ನ್ಯಾಯ ಇದೆ.

ಆದ್ರೂ ಈ ಕಥೆ ನನಗೆ ಯಾಕೆ ಮುಖ್ಯ ಅಂದ್ರೆ, ನಾವೀಗ ಬದುಕ್ತಿರೋದು ಜೋರು ಮಾಡಿದವರಿಗೇ ಕಿವಿ ಸಿಗೋ ಕಾಲದಲ್ಲಿ. ರೀಲ್ ಮೊದಲ ಮೂರು ಸೆಕೆಂಡಲ್ಲಿ ಕಿರುಚಬೇಕು, ಥಂಬ್‌ನೇಲ್‌ನಲ್ಲಿ ಬಾಯಿ ಅಗಲ ತೆರೆದಿರಬೇಕು. ನಾನೇ ಪಾಡ್‌ಕಾಸ್ಟ್ ಮಾಡುವಾಗ ದನಿ ಎತ್ತಬೇಕಾ ಅಂತ ಹತ್ತು ಸಲ ಯೋಚಿಸ್ತೀನಿ. ಗದ್ದಲಕ್ಕೇ ಹೆಸರು ಮಾಡಿದ್ದ ಒಂದು ತಂಡ, ಗದ್ದಲ ಕೇಳೋಕೆ ಟಿಕೆಟ್ ತಗೊಂಡು ಬಂದ ಜನರ ಎದುರು, ತಮಗೆ ಅಷ್ಟೇನೂ ಚೆನ್ನಾಗಿ ಬಾರದ ಮೆಲುದನಿಯನ್ನ ಪ್ರತಿ ರಾತ್ರಿ ಪ್ರಯತ್ನಿಸ್ತಾ ಹೋಯ್ತು. ಜನ ಮೊದಲು ಶಿಳ್ಳೆ ಹಾಕಿದ್ರು, ಆಮೇಲೆ ಆ ಹಾಡುಗಳನ್ನೇ ಕೇಳಿ ಕೇಳಿ ಹಾಡಿಸಿಕೊಂಡ್ರು. ಗಾರ್ಸಿಯಾ 1995ರಲ್ಲಿ ತೀರಿಕೊಳ್ಳೋ ತನಕ ತಂಡ ನಡೀತು, ಅಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಛೇರಿ ಆಗಿತ್ತು. ಇಷ್ಟು ದೂರ ಒಟ್ಟಿಗೆ ಹೋಗೋಕೆ 1970ರಲ್ಲಿ ಕಲಿತ ಕೇಳೋ ಅಭ್ಯಾಸವೂ ಒಂದು ಕಾರಣ ಅಂತ ನನ್ನ ನಂಬಿಕೆ.

ಈಗ ನಿಮಗೆ ಹೋಂವರ್ಕ್. ಮೂರೇ ಮೂರು ರೆಕಾರ್ಡಿಂಗ್, ಈ ಕ್ರಮದಲ್ಲೇ ಕೇಳಿ. ಒಂದು, 'ಲೈವ್/ಡೆಡ್' ಆಲ್ಬಂನ 'ಡಾರ್ಕ್ ಸ್ಟಾರ್'. ಎರಡು, ಹಾರ್ಪರ್ ಕಾಲೇಜಿನ ಮರದ ಗಿಟಾರ್ ಭಾಗ, ಅದರಲ್ಲೂ 'ಬ್ಲ್ಯಾಕ್ ಪೀಟರ್' ಮತ್ತು 'ಅಂಕಲ್ ಜಾನ್ಸ್ ಬ್ಯಾಂಡ್'. ಮೂರು, ವೆನೀಟಾದ 'ಡಾರ್ಕ್ ಸ್ಟಾರ್'. ಮೊದಲನೆಯದರಲ್ಲಿ ಗಿಟಾರ್ ಹಿಂಬಾಲಿಸಿ. ಎರಡನೆಯದರಲ್ಲಿ ದನಿಗಳನ್ನ ಹಿಂಬಾಲಿಸಿ. ಮೂರನೆಯದರಲ್ಲಿ ಯಾರು ಯಾವಾಗ ಸುಮ್ಮನಾಗ್ತಾರೆ ಅನ್ನೋದನ್ನ ಹಿಂಬಾಲಿಸಿ. ಈ ತಂಡದ ಸಾವಿರಾರು ಕಛೇರಿಗಳನ್ನ ಅಭಿಮಾನಿಗಳು ಟೇಪ್ ಮಾಡಿ ಉಳಿಸಿದ್ದಾರೆ. ತಂಡದವರೂ ಅದಕ್ಕೆ ಅಡ್ಡಿ ಮಾಡಲಿಲ್ಲ. ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಕೇಳಬಹುದು, ಬೇಕಾಗಿರೋದು ಡೇಟಾ ಪ್ಯಾಕ್ ಮಾತ್ರ.

ಕೇಳಿ ಏನನ್ನಿಸ್ತು ಅಂತ ವಾಯ್ಸ್ ನೋಟ್ ಕಳಿಸಿ. 1969ರ ಪಕ್ಷವೋ, 1972ರ ಪಕ್ಷವೋ ಅಂತ ಜಗಳ ಆಡೋದಿದ್ರೂ ಕಳಿಸಿ, ಸಂತೋಷ. ಮುಂದಿನ ವಾರ ಮಿಕಿ ಹಾರ್ಟ್ ಮತ್ತು ಜಾಕಿರ್ ಹುಸೇನ್ ಕಥೆ ಜೊತೆ ಸಿಗ್ತೀನಿ. ಅಲ್ಲಿ ತನಕ ಇಯರ್‌ಫೋನ್ ವಾಲ್ಯೂಮ್ ಒಂದು ಗೀಟು ಕಮ್ಮಿ ಇಟ್ಟುಕೊಳ್ಳಿ. ಕಿವಿ ಇನ್ನೂ ಬಹಳ ವರ್ಷ ಬೇಕು. ನಮಸ್ಕಾರ.